ಗಂಟೆ ಯಾರಿಗೆ ಕೇಳಬೇಕು?

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಊರಿನಲ್ಲಿ, ಮದುವೆಗೋ ಜಾತ್ರೆಗೋ ಬೆಂಗಳೂರಿನಲ್ಲಿರುವ ಮಗನ ಮನೆಗೋ ಎರಡು ದಿನದ ಮಟ್ಟಿಗೆ ಹೊರಟ ಕುಟುಂಬವು ತಲೆಬಾಗಿಲಿಗೆ ಹೊರಗಿನಿಂದ ಬೀಗವನ್ನು ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ, ನಿಶ್ಚಿಂತೆಯಿಂದ ಬಸ್ಸು ಹತ್ತುತ್ತದೆ. ಆದರೆ ಒಳಗೆ ಬರಬೇಡವೆಂದು ತಡೆಯುವುದಕ್ಕಿಂತಲೂ ಗಟ್ಟಿಯಾಗಿ, ಒಳಗೆ ಯಾರೂ ಇಲ್ಲವೆಂಬ ವರ್ತಮಾನವನ್ನೇ ಆ ಬೀಗವು ಬೀದಿಗೆ ಸಾರುತ್ತಿರುತ್ತದೆಂಬುದನ್ನು ಆಲೋಚಿಸುವವರು ವಿರಳ. ಮಾರನೆಯ ಬೆಳಿಗ್ಗೆ ಅಂಗಳಕ್ಕೆ ನೀರು ಬೀಳುವುದಿಲ್ಲ, ರಂಗೋಲಿ ಏಳುವುದಿಲ್ಲ, ಡೇರಿಗೆ ಹಾಲು ಹಾಕಲು ಆ ಮನೆಯಿಂದ ಯಾರೂ ಬರುವುದಿಲ್ಲ, ಸಂಜೆಯಾದರೆ ಜಗಲಿಯ ದೀಪ ಹತ್ತುವುದಿಲ್ಲ. ಊರವರಿಗೆ ಇದು ಸಹಜವಾಗಿ ತಿಳಿಯತಕ್ಕ ಸಂಗತಿ. ಊರಿನವನಲ್ಲದವನಿಗೂ ಅಷ್ಟೇ ಸುಲಭವಾಗಿ ತಿಳಿಯುತ್ತದೆಂಬುದೇ ತೊಂದರೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವು ಈ ಸೀಮೆಗೆ ಅನೇಕ ಅನುಕೂಲಗಳನ್ನು ತಂದಿತು. ಅವುಗಳ ಜೊತೆಯಲ್ಲಿ, ಅಪರಿಚಿತನೊಬ್ಬನು ಬಂದು ಹೋಗಲು ಬೇಕಾಗುವ ಕಾಲವನ್ನೂ ಕಡಮೆ ಮಾಡಿತು.

ಹೀಗಿರಲಾಗಿ, ಮನೆಗೊಂದು ಅಲಾರಂ ಇರಬೇಕೆಂಬ ಅಪೇಕ್ಷೆ ಇತ್ತೀಚೆಗೆ ಹಳ್ಳಿಗಳಲ್ಲಿಯೂ ಹುಟ್ಟಿರುವುದು ಸೋಜಿಗವಲ್ಲ. ಉಪಕರಣಗಳು ದುಬಾರಿಯೂ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಾಗಿಲಿನ ಸೆನ್ಸರು, ಸೈರನ್ನು, ಬ್ಯಾಟರಿ, ಇವನ್ನು ನಿಯಂತ್ರಿಸುವ ಪೆಟ್ಟಿಗೆ ಎಲ್ಲವೂ ಬಿಡಿಬಿಡಿಯಾಗಿ ದೊರೆಯುತ್ತವೆ. ಸ್ವಿಚ್‌ಬೋರ್ಡು ಬಿಚ್ಚಿ ಹಾಕಲು ಬಲ್ಲ ಯಾವ ಹುಡುಗನಾದರೂ ಒಂದು ಭಾನುವಾರದ ಅವಕಾಶದಲ್ಲಿ ಅವುಗಳನ್ನು ಜೋಡಿಸಿಯಾನು. ಆದರೆ ಜೋಡಿಸುವುದು ಬೇರೆ, ಯೋಜಿಸುವುದು ಬೇರೆ. ಅಲಾರಂ ಎಂಬುದು ಕಳ್ಳನನ್ನು ಹಿಡಿಯುವುದಿಲ್ಲ, ಬಾಗಿಲನ್ನು ಭದ್ರಪಡಿಸುವುದೂ ಇಲ್ಲ. ನಡೆಯಬಾರದ ಕಡೆ ಯಾರೋ ನಡೆದರೆಂಬ ಸಮಾಚಾರವನ್ನು ಒಬ್ಬ ಮನುಷ್ಯನ ಕಿವಿಗೆ ತಲುಪಿಸುವುದಷ್ಟೇ ಅದರ ಕರ್ತವ್ಯ. ಆದುದರಿಂದ ಆ ಕಿವಿ ಯಾರದು, ಅದು ಎಷ್ಟು ದೂರದಲ್ಲಿದೆ, ಕೇಳಿಸಿಕೊಂಡ ಮೇಲೆ ಆತನು ಏನು ಮಾಡುವನು ಎಂಬುದನ್ನು ನಿಶ್ಚಯಿಸಿಕೊಳ್ಳದೆ ಸಾಮಾನು ಕೊಳ್ಳಲು ಹೊರಡುವವನು ಯೋಜನೆಯನ್ನು ತುದಿಯಿಂದ ಆರಂಭಿಸಿದಂತೆಯೇ ಸರಿ.

ಈ ಮಾತನ್ನು ನಮ್ಮ ಪ್ರಾಚೀನರು ವಿನೋದವಾಗಿ ಬಲ್ಲವರಾಗಿದ್ದರು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಬ್ರಾಹ್ಮಣ ಚೋರನು ಚಾರುದತ್ತನ ಮನೆಗೆ ಕನ್ನ ಹಾಕುವ ಪ್ರಸಂಗವನ್ನು ಓದಿದವರಿಗೆ, ಅವನು ಆ ಕಾರ್ಯವನ್ನು ಒಂದು ಶಾಸ್ತ್ರವಾಗಿ ಆಚರಿಸುವ ಗಾಂಭೀರ್ಯವನ್ನು ಮರೆಯುವುದು ಸಾಧ್ಯವಿಲ್ಲ. ಗೋಡೆಯ ಯಾವ ಭಾಗವು ನಿತ್ಯದ ಅರ್ಘ್ಯೋದಕ ಬಿದ್ದು ಸಡಿಲಗೊಂಡಿದೆ, ಎಲ್ಲಿ ಇಲಿ ಬಿಲ ತೋಡಿದೆ ಎಂದು ಅವನು ತಡವಿ ನೋಡುತ್ತಾನೆ. ಕನ್ನವು ಅರಳಿದ ಕಮಲದ ಆಕಾರದಲ್ಲಿರಬೇಕೋ, ಸೂರ್ಯನಂತೆಯೋ, ಬಾಲಚಂದ್ರನಂತೆಯೋ, ಸ್ವಸ್ತಿಕದಂತೆಯೋ ಎಂದು ವಿಮರ್ಶಿಸಿ, ಸುಟ್ಟ ಇಟ್ಟಿಗೆಯ ಗೋಡೆಗೆ ಪೂರ್ಣಕುಂಭವೇ ಶೋಭಿಸುವುದೆಂದು ತೀರ್ಮಾನಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಒಳಹೊಕ್ಕ ಮೇಲೆ, ಮಲಗಿದವರು ನಿಜವಾಗಿ ನಿದ್ರಿಸುತ್ತಿರುವರೋ ನಟಿಸುತ್ತಿರುವರೋ ಎಂದು ಉಸಿರಾಟದಿಂದ ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಕೌಶಲದ ಕೊನೆಗೆ ಒಡವೆಯ ಗಂಟು ಅವನ ಕೈಗೆ ಬರುವುದು ಹೇಗೆಂದರೆ, ಅದನ್ನು ಕಾಯಲು ನೇಮಿತನಾಗಿದ್ದ ಮೈತ್ರೇಯನು ನಿದ್ದೆಯಲ್ಲಿ ಕನವರಿಸುತ್ತ ತಾನೇ ಅದನ್ನು ನೀಡಿಬಿಡುತ್ತಾನೆ. (ಗಿರೀಶ ಕಾರ್ನಾಡರು ಈ ನಾಟಕವನ್ನಾಧರಿಸಿ 1984ರಲ್ಲಿ ತೆಗೆದ ಹಿಂದಿ ಚಿತ್ರ ‘ಉತ್ಸವ್’ನಲ್ಲಿ ಈ ಕಳ್ಳನ ಪಾತ್ರವನ್ನು ವಹಿಸಿದ್ದವರು ನಮ್ಮ ಶಂಕರ್‌ನಾಗ್.) ಗೋಡೆಯು ಸೋತದ್ದು ನಿಜ, ಆದರೆ ಗೋಡೆಗಿಂತ ಮುಂಚೆ ಸೋತದ್ದು ಕಾವಲು.

ಮನೆಯ ಯಾವ ದ್ವಾರಗಳನ್ನು ಕಾಯಬೇಕೆಂಬುದಕ್ಕೆ, ನಾನು ಕಂಡಂತೆ, ಅತ್ಯುತ್ತಮವಾದ ಮಾರ್ಗದರ್ಶಿಯು ಯಾವ ಕಂಪೆನಿಯ ಕೈಪಿಡಿಯೂ ಅಲ್ಲ. 1860ರ ಭಾರತೀಯ ದಂಡಸಂಹಿತೆ. ಅದರ 445ನೆಯ ಕಲಮು ಮನೆ ಮುರಿಯುವುದಕ್ಕೆ ಆರು ಮಾರ್ಗಗಳನ್ನು ಹೇಳಿ, ಅವುಗಳಿಗೆ ದೃಷ್ಟಾಂತಗಳನ್ನು ಜೋಡಿಸಿದೆ: ಗೋಡೆಗೆ ರಂಧ್ರ ಕೊರೆದು ಕೈಯನ್ನು ತೂರಿಸುವವನು, ಕಿಟಕಿಯಿಂದ ನುಸುಳುವವನು, ಮುಚ್ಚಿದ ಬಾಗಿಲನ್ನು ತೆರೆದು ಒಳಬರುವವನು, ಬಾಗಿಲ ತೂತಿನಲ್ಲಿ ತಂತಿಯನ್ನು ಇಳಿಸಿ ಚಿಲಕವನ್ನು ಎತ್ತುವವನು, ಮನೆಯ ಯಜಮಾನ ಕಳೆದುಕೊಂಡ ಬೀಗದಕೈಯನ್ನು ಹೆಕ್ಕಿಕೊಂಡು ಅದರಿಂದಲೇ ಬಾಗಿಲು ತೆರೆಯುವವನು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯಸಂಹಿತೆ ಬಂದಿದ್ದರೂ ಈ ವಿವರಣೆಯು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿದೆ, ಏಕೆಂದರೆ ಮನೆಗಳೂ ಕಳ್ಳರೂ ಹೆಚ್ಚು ಬದಲಾಗಿಲ್ಲ. ಒಂದು ಬಿಳಿಯ ಹಾಳೆಯ ಮೇಲೆ ಮನೆಯ ನಕ್ಷೆಯನ್ನು ಬರೆದುಕೊಂಡು, ಆ ದೃಷ್ಟಾಂತಗಳಲ್ಲಿ ಒಂದೊಂದನ್ನೂ ತನ್ನ ಮನೆಗೆ ಅನ್ವಯಿಸುತ್ತ ಒಂದು ಪ್ರದಕ್ಷಿಣೆ ಬಂದರೆ ಯೋಜನೆಯ ಅರ್ಧಭಾಗ ಮುಗಿದಂತೆ.

ಈ ಪ್ರದಕ್ಷಿಣೆಯನ್ನು ಹಗಲಿನಲ್ಲಿ ಒಮ್ಮೆಯೂ ಕತ್ತಲಾದ ಮೇಲೆ ಒಮ್ಮೆಯೂ ಮಾಡತಕ್ಕದ್ದು. ಹಗಲಿನಲ್ಲಿ ತಲೆಬಾಗಿಲೇ ಮನೆಯ ಮುಖ್ಯದ್ವಾರವೆಂದು ತೋರುತ್ತದೆ; ಕತ್ತಲಾದ ಮೇಲೆ, ಹಿತ್ತಲಿನ ಬಾಗಿಲೇ ಮುಖ್ಯವೆಂಬುದು ಸ್ಪಷ್ಟವಾಗುತ್ತದೆ. ತಲೆಬಾಗಿಲು ಹೊನ್ನೆಯದೋ ತೇಗದ್ದೋ ಆಗಿ, ಹಿತ್ತಾಳೆಯ ಹೂಗಳನ್ನು ಹೊತ್ತು, ಬೀದಿಯ ದೀಪಕ್ಕೆ ಎದುರಾಗಿ ನಿಂತಿರುತ್ತದೆ. ಅದೇ ಮನೆಯ ಹಿತ್ತಲಿನ ಬಾಗಿಲು ತೆಳುವಾದ ಹಲಗೆಯದು, ಚಿಲಕದ ಮೊಳೆಗಳು ಸಡಿಲ, ಎದುರಿಗೆ ಬಾಳೆಯ ಗುಂಪು, ಅದರಾಚೆ ಹಿಪ್ಪುನೇರಳೆಯ ತೋಟ, ಮನುಷ್ಯನ ಎದೆಯೆತ್ತರ ಬೆಳೆದ ಸೊಪ್ಪು. ಬಚ್ಚಲು ಮನೆಯ ಬೆಳಕಿಂಡಿಗೆ ಕಂಬಿಯಿಲ್ಲದಿರುವುದು, ಕಿಟಕಿಯ ಗ್ರಿಲ್ಲನ್ನು ನಾಲ್ಕೇ ಸ್ಕ್ರೂಗಳಲ್ಲಿ ನಿಲ್ಲಿಸಿರುವುದು, ತಾರಸಿಗೆ ಹೋಗುವ ಮೆಟ್ಟಲ ತುದಿಯ ತಗಡಿನ ಬಾಗಿಲಿಗೆ ಒಳಗಿನಿಂದ ಬರಿಯ ಕೊಂಡಿ ಇರುವುದು — ಇವುಗಳಲ್ಲಿ ಯಾವುದಕ್ಕೂ ಅಲಾರಂ ಚಿಕಿತ್ಸೆಯಲ್ಲ. ಬಡಗಿಯೂ ವೆಲ್ಡಿಂಗಿನವನೂ ಮೊದಲು ಬಂದು ಹೋಗಬೇಕು. ಹೆಂಚಿನ ಮನೆಯಲ್ಲಿ ಮಾಡೇ ಒಂದು ಬಾಗಿಲು. ನಾಲ್ಕು ಹೆಂಚು ಸರಿಸಿದರೆ ಅಟ್ಟಕ್ಕೆ ಇಳಿಯಬಹುದು. ಇನ್ನು ಬೀಗದಕೈಯ ಮಾತು: ಹೂಕುಂಡದ ಅಡಿ, ಬಾಗಿಲ ಮೇಲಿನ ಗೂಡು, ಮೀಟರು ಪೆಟ್ಟಿಗೆಯ ಒಳಗು, ತುಳಸಿಕಟ್ಟೆಯ ಹಿಂಭಾಗ. ಈ ನಾಲ್ಕು ಗುಪ್ತಸ್ಥಾನಗಳ ಗುಪ್ತತೆಯಲ್ಲಿ ಇನ್ನೂ ವಿಶ್ವಾಸವಿಟ್ಟಿರುವವರಿಗೆ ನಾನು ಹೇಳತಕ್ಕದ್ದು ಏನೂ ಇಲ್ಲ.

ಹಿಂದೆ ಹಳೆಯ ಮೈಸೂರಿನ ಊರುಗಳಲ್ಲಿ ಈ ಕಾವಲಿನ ಕೆಲಸಕ್ಕೆ ತಳವಾರನಿದ್ದನು. ಗೌಡ, ಶಾನುಭೋಗ, ತೋಟಿ, ನೀರಗಂಟಿ ಮೊದಲಾದ ಆಯಗಾರರ ಪಂಕ್ತಿಯಲ್ಲಿ ಸೇರಿದ ಆತನಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ರೂಪದಲ್ಲಿ ಆಯ ಸಲ್ಲುತ್ತಿತ್ತು. ಊರಿಗೆ ಹೊಸಬರು ಬಂದರೆ ಗುರುತಿಸುವುದು, ರಾತ್ರಿಯ ಗಸ್ತು ತಿರುಗುವುದು, ಕಳವಾದರೆ ಹೆಜ್ಜೆಯ ಜಾಡನ್ನು ಹಿಡಿದು ಹೊರಡುವುದು ಅವನ ಧರ್ಮ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿಯ ಕಾನೂನಿನೊಂದಿಗೆ ಆ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು, ಕೊನೆಗೊಳ್ಳಬೇಕಾಗಿಯೂ ಇತ್ತು. ಆದರೆ ಅವನು ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು, ಯಾರೂ ನೇಮಿಸದೆ, ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುವ ವೃದ್ಧೆಯರು ವಹಿಸಿಕೊಂಡರು. “ಯಾರಪ್ಪ ನೀನು? ಯಾರ ಮನೆಗೆ ಬಂದಿದ್ದೆ?” ಎಂಬ ಆ ಪ್ರಶ್ನೆಯನ್ನು ದಾಟಿ ಹೋಗುವುದು ಯಾವ ಯಂತ್ರವನ್ನು ದಾಟುವುದಕ್ಕಿಂತಲೂ ಕಷ್ಟ. ಜಗಲಿಗಳಿಲ್ಲದ, ಕಾಂಪೌಂಡಿನ ಹಿಂದೆ ಅಡಗಿದ ಮನೆಗಳನ್ನು ಕಟ್ಟತೊಡಗಿದ ಮೇಲೆಯೇ ನಮಗೆ ತಂತಿಯ ಅವಶ್ಯಕತೆ ಹೆಚ್ಚಿದುದು.

ಆ ತಂತಿಯ ಕತೆಗೆ ಬರೋಣ. ಬಾಗಿಲು ತೆರೆದರೆ ಗಂಟೆ ಬಾರಿಸುವ ವಿದ್ಯುದ್ಯಂತ್ರಕ್ಕೆ ಮೊದಲು ಹಕ್ಕುಪತ್ರ ಪಡೆದವನು ಅಮೆರಿಕದ ಮ್ಯಾಸಚೂಸೆಟ್ಸಿನ ಸಾಮರ್‌ವಿಲ್ ಊರಿನ ಒಬ್ಬ ಪಾದ್ರಿ, ಆಗಸ್ಟಸ್ ರಸೆಲ್ ಪೋಪ್. ದಿನಾಂಕ 1853ನೆಯ ಇಸವಿ ಜೂನ್ 21. ಪರಲೋಕದ ಭದ್ರತೆಯನ್ನು ಬೋಧಿಸಬೇಕಾದವನು ಇಹದ ಒಡವೆಗಳ ಭದ್ರತೆಗೂ ಮನಸ್ಸು ಕೊಟ್ಟುದು ಸ್ವಾರಸ್ಯವಾಗಿದೆ. ಅವನ ಹಕ್ಕನ್ನು 1857ರಲ್ಲಿ ಕೊಂಡುಕೊಂಡ ಎಡ್ವಿನ್ ಹೋಮ್ಸ್ ಎಂಬ ವರ್ತಕನು ಅದನ್ನು ವ್ಯಾಪಾರವಾಗಿ ಬೆಳೆಸಿದನು. ಇಂದು ನಾವು ಬಾಗಿಲಿಗೆ ಹಾಕುವ ಮ್ಯಾಗ್ನೆಟ್ ಸೆನ್ಸರಿನ ಹೃದಯವಾದ ರೀಡ್ ಸ್ವಿಚ್ಚನ್ನು 1936ರಲ್ಲಿ ಬೆಲ್ ಪ್ರಯೋಗಶಾಲೆಯ ವಾಲ್ಟರ್ ಎಲ್‌ವುಡ್ ರೂಪಿಸಿದನು: ಬೆಂಕಿಕಡ್ಡಿಯ ಅರ್ಧದಷ್ಟು ಉದ್ದದ ಗಾಜಿನ ನಳಿಗೆ, ಅದರೊಳಗೆ ಒಂದರ ತುದಿಯು ಮತ್ತೊಂದರ ತುದಿಯ ಮೇಲೆ ಬಂದು, ಕೂದಲೆಳೆಯ ಅಂತರದಲ್ಲಿ ಮುಟ್ಟದೆ ನಿಂತ ಎರಡು ಲೋಹದ ಎಲೆಗಳು. ಅಯಸ್ಕಾಂತವು ಹತ್ತಿರ ಬಂದರೆ ಅವು ಪರಸ್ಪರ ಅಂಟುತ್ತವೆ, ದೂರ ಸರಿದರೆ ಬೇರೆಯಾಗುತ್ತವೆ. ನಳಿಗೆಯನ್ನು ಬಾಗಿಲುವಾಡಕ್ಕೆ, ಅಯಸ್ಕಾಂತವನ್ನು ಕದಕ್ಕೆ ಬಿಗಿದರೆ, ಕದ ಮುಚ್ಚಿರುವಷ್ಟು ಕಾಲವೂ ವಿದ್ಯುತ್ತಿನ ಒಂದು ಸೂಕ್ಷ್ಮ ಧಾರೆ ಹರಿಯುತ್ತಲೇ ಇರುತ್ತದೆ. ಈ ಸೆನ್ಸರಿನ ಒಂದು ಜೋಡಿಗೆ ನೂರು ರೂಪಾಯಿಯ ಆಸುಪಾಸು ಬೆಲೆ. ಒಳ್ಳೆಯ ಬೀಗವೊಂದಕ್ಕೆ ಇದರ ಹಲವು ಪಟ್ಟು ಕೊಡುತ್ತೇವೆ.

ಧಾರೆಯು ಹರಿಯುವುದು ಶಾಂತಿಯ ಲಕ್ಷಣ, ನಿಲ್ಲುವುದು ಅಪಾಯದ ಲಕ್ಷಣ ಎಂಬ ಈ ಕ್ರಮವನ್ನು ಗಟ್ಟಿಯಾಗಿ ಹಿಡಿಯಬೇಕು. ಏಕೆಂದರೆ ತಂತಿಯನ್ನು ಯಾರಾದರೂ ಕತ್ತರಿಸಿದರೂ, ಇಲಿ ಕಡಿದರೂ, ಸ್ಕ್ರೂ ಸಡಿಲವಾದರೂ, ಧಾರೆ ನಿಂತು ಗಂಟೆ ಬಾರಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಬಾಗಿಲು ತೆರೆದಾಗ ಮಾತ್ರ ಧಾರೆ ಹರಿಯುವಂತೆ ಜೋಡಿಸಿದ ಅಲಾರಂ, ತಂತಿ ತುಂಡಾದ ದಿನದಿಂದ ಮೌನವಾಗಿಯೇ ಇದ್ದು, ಮನೆಯವರಿಗೆ ಎಲ್ಲವೂ ಕ್ಷೇಮವೆಂಬ ಭ್ರಮೆಯನ್ನು ಕೊಡುತ್ತದೆ. ಚತುರನಾದವನು ತಂತಿಯನ್ನು ಕತ್ತರಿಸದೆ, ಎರಡು ಎಳೆಗಳ ಸಿಪ್ಪೆ ಸುಲಿದು ಅವನ್ನು ಒಂದಕ್ಕೊಂದು ಕೂಡಿಸಿಬಿಟ್ಟರೆ ಗತಿಯೇನು? ಅದಕ್ಕಾಗಿ ಜಾಲದ ಕೊನೆಯಲ್ಲಿ ಕೆಲವು ಸಾವಿರ ಓಮ್‌ಗಳ ಒಂದು ರೆಸಿಸ್ಟರನ್ನು ಸೇರಿಸುತ್ತಾರೆ. ಧಾರೆಯು ನಿಂತರೂ ಗಂಟೆ, ಅಳತೆ ಮೀರಿ ಹೆಚ್ಚಿದರೂ ಗಂಟೆ. ಆದರೆ ನಾನು ನೋಡಿದ ಅನೇಕ ಕಡೆಗಳಲ್ಲಿ, ಕೆಲಸ ಬೇಗ ಮುಗಿಯಲೆಂದು, ಆ ರೆಸಿಸ್ಟರನ್ನು ಪೆಟ್ಟಿಗೆಯ ಒಳಗೇ ಕಟ್ಟಿಬಿಟ್ಟಿರುತ್ತಾರೆ. ಆಗ ಅದು ಕಾಯುವುದು ಪೆಟ್ಟಿಗೆಯನ್ನು ಮಾತ್ರ. ಅದು ಇರಬೇಕಾದುದು ಕಟ್ಟಕಡೆಯ ಬಾಗಿಲಿನ ಬಳಿ, ತಂತಿಯ ಅಂತಿಮ ಬಿಂದುವಿನಲ್ಲಿ.

ತಂತಿಗೂ ಈ ಸೀಮೆಗೂ ಹಳೆಯ ನಂಟು ಎಂಬುದನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇನೆ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ ವಿವರಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ಗಾಜಿನ ಬಳೆಗಳ ಜೊತೆಗೆ ಸಂಗೀತವಾದ್ಯಗಳಿಗೆ ಬೇಕಾಗುವ ಉಕ್ಕಿನ ತಂತಿಯನ್ನು ತಯಾರಿಸುತ್ತಿದ್ದರೆಂದೂ, ಅದಕ್ಕೆ ದೂರದೂರದ ಪ್ರಾಂತಗಳಲ್ಲಿ ಬೇಡಿಕೆ ಇತ್ತೆಂದೂ ದಾಖಲಿಸಿದ್ದಾನೆ. ಚನ್ನಪಟ್ಟಣದ ಗೊಂಬೆಯ ಖ್ಯಾತಿಯು ತಂತಿಯ ಖ್ಯಾತಿಯನ್ನು ಸಂಪೂರ್ಣವಾಗಿ ಮರೆಮಾಡಿತು.

ಸೆನ್ಸರನ್ನು ಬಿಗಿಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ಹಳೆಯ ಮರದ ಕದವು ಮಳೆಗಾಲದಲ್ಲಿ ಊದಿಕೊಂಡು ಹೊಸ್ತಿಲನ್ನು ಒರಸುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗಿ, ಚಿಲಕ ಹಾಕಿದ ಮೇಲೂ ಒಂದು ಬೆರಳಿನಷ್ಟು ಹಿಂದೆ ಮುಂದೆ ಆಡುತ್ತದೆ. ಆಷಾಢದಲ್ಲಿ ಬಿಗಿದ ಸೆನ್ಸರು ಅಯಸ್ಕಾಂತದಿಂದ ಸರಿಯಾದ ದೂರದಲ್ಲಿದ್ದರೂ, ಫಾಲ್ಗುಣದ ಒಣಗಾಳಿಯಲ್ಲಿ ಕದ ನಡುಗಿದರೆ ನಡುರಾತ್ರಿ ಸೈರನ್ನು ಕೂಗೀತು. ಆದುದರಿಂದ ಎರಡರ ನಡುವಣ ಅಂತರವನ್ನು, ತಯಾರಕರು ಹೇಳುವ ಗರಿಷ್ಠದ ಅರ್ಧಕ್ಕಿಂತ ಕಡಮೆಯಾಗಿಯೇ ಇಡಬೇಕು. ಕೀಲಿನ ಬದಿಯಲ್ಲಿ ಅಲ್ಲ, ಕದವು ಮೊದಲು ಬಿಟ್ಟುಕೊಳ್ಳುವ ಬದಿಯಲ್ಲಿ, ಮೇಲ್ಭಾಗದಲ್ಲಿ ಇಡಬೇಕು. ಕಬ್ಬಿಣದ ಗೇಟಿಗೂ ಅಂಗಡಿಯ ಷಟರಿಗೂ ಮತ್ತೊಂದು ತೊಡಕು: ಕಬ್ಬಿಣವು ಅಯಸ್ಕಾಂತದ ಬಲವನ್ನು ತಾನೇ ಹೀರಿಕೊಳ್ಳುವುದರಿಂದ ಸೆನ್ಸರಿಗೆ ತಲುಪುವುದು ಅತ್ಯಲ್ಪ. ಇವುಗಳಿಗೆಂದೇ ಮಾಡಿದ ದೊಡ್ಡ ಸೆನ್ಸರು ದೊರೆಯುತ್ತದೆ. ಇಲ್ಲವೆ, ಅಯಸ್ಕಾಂತಕ್ಕೂ ಕಬ್ಬಿಣಕ್ಕೂ ನಡುವೆ ಅರ್ಧ ಅಂಗುಲ ದಪ್ಪದ ಮರದ ಬಿಲ್ಲೆಯನ್ನು ಕೊಟ್ಟರೆ ಸಾಕು. ಗೊಂಬೆಗಳಿಗಾಗಿ ಆಲೆ ಮರವನ್ನು ಕಡೆಯುವ ಚನ್ನಪಟ್ಟಣದ ಕುಶಲಕರ್ಮಿಯ ಹತ್ತಿರ ಅಂಥ ಬಿಲ್ಲೆಯು ಚೂರುಗಳ ರಾಶಿಯಲ್ಲಿಯೇ ಸಿಕ್ಕೀತು. ಬೇಕಿದ್ದರೆ ಅರಗಿನ ಬಣ್ಣವನ್ನೂ ಹಾಕಿಕೊಟ್ಟಾನು.

ಒಳಗಿನ ಚಲನವಲನವನ್ನು ಕಾಣುವ ಮೋಷನ್ ಸೆನ್ಸರು ಇದಕ್ಕಿಂತ ಹೆಚ್ಚು ಚಂಚಲ ಸ್ವಭಾವದ್ದು. ಮನುಷ್ಯದೇಹವು ಸದಾ ಹೊರಸೂಸುವ, ಸುಮಾರು 9ರಿಂದ 10 ಮೈಕ್ರೋಮೀಟರು ತರಂಗದೂರದಲ್ಲಿ ಪ್ರಬಲವಾಗಿರುವ ಅತಿಗೆಂಪು ಕಿರಣವನ್ನು ಅದು ಗ್ರಹಿಸುತ್ತದೆ. ಮುಂಭಾಗದ ಬಿಳಿಯ ಪ್ಲಾಸ್ಟಿಕ್ ಮಸೂರವು ಕೋಣೆಯನ್ನು ಬೀಸಣಿಗೆಯ ಮಡಿಕೆಗಳಂತೆ ವಿಭಾಗಿಸಿರುವುದರಿಂದ, ಶಾಖದ ಒಂದು ರಾಶಿಯು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದೊಡನೆಯೇ ಸಂಕೇತ ಕೊಡುತ್ತದೆ. ಆದ್ದರಿಂದಲೇ ಅದರತ್ತ ನೇರವಾಗಿ ನಡೆದು ಬರುವವನಿಗಿಂತ, ಅದರ ಎದುರು ಅಡ್ಡಲಾಗಿ ಹಾಯುವವನನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಏಳೆಂಟು ಅಡಿಯ ಎತ್ತರದಲ್ಲಿ ಮೂಲೆಗೆ ಬಿಗಿದರೆ ಒಳ್ಳೆಯದು. ಸುತ್ತಲಿನ ಉಷ್ಣಕ್ಕೂ ದೇಹದ ಉಷ್ಣಕ್ಕೂ ಇರುವ ವ್ಯತ್ಯಾಸವೇ ಅದರ ಜೀವಾಳವಾದುದರಿಂದ, ಏಪ್ರಿಲ್ ತಿಂಗಳ ಮಧ್ಯಾಹ್ನ, ಹೆಂಚಿನ ಕೆಳಗಿನ ಗಾಳಿ ಮೈಯಷ್ಟೇ ಕಾದಿರುವಾಗ, ಮನೆಯವರೆಲ್ಲ ಹೊಲದಲ್ಲಿರುವ ಆ ಹೊತ್ತಿನಲ್ಲಿಯೇ, ಅದರ ದೃಷ್ಟಿ ಮಂದವಾಗುತ್ತದೆ. ಇನ್ನೊಂದೆಡೆ, ಮಾಡಿನಿಂದ ಇಳಿಯುವ ಬೆಕ್ಕು, ಕಿಟಕಿಯಿಂದ ಬಿದ್ದು ಸರಿಯುವ ಬಿಸಿಲು, ಸೆನ್ಸರಿನ ಮುಖದ ಮೇಲೆಯೇ ಹರಿಯುವ ಹಲ್ಲಿ, ಪೆಟ್ಟಿಗೆಯೊಳಗೆ ಮೊಟ್ಟೆಯಿಡುವ ಇರುವೆ, ಇವೆಲ್ಲವೂ ಅದಕ್ಕೆ ಕಳ್ಳರೇ. ತಂತಿ ಹೊಗುವ ರಂಧ್ರವನ್ನು ಸಿಲಿಕೋನಿನಿಂದ ಮುಚ್ಚುವುದು ಸಣ್ಣ ಕೆಲಸ. ಅದರ ಫಲ ದೊಡ್ಡದು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಈ ಸೆನ್ಸರನ್ನು ಹಾಕುವುದನ್ನು ನಾನು ಒಪ್ಪುವುದಿಲ್ಲ. ಹುಳುವಿನ ದೆಸೆಯಿಂದಲ್ಲ, ಚಳಿಗೆ ಇಡುವ ಹೀಟರಿನ ದೆಸೆಯಿಂದ. ಅಲ್ಲದೆ ನಾಲ್ಕನೆಯ ಜ್ವರ (ಪೊರೆ ಬಿಡುವ ಅವಸ್ಥೆ) ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ಮನೆಯಲ್ಲಿ ರಾತ್ರಿಯ ನಿದ್ದೆಯೇ ಇರುವುದಿಲ್ಲವಾಗಿ, ಆ ವಾರ ಕಳ್ಳನಿಗೂ ಅಲ್ಲಿ ಕೆಲಸವಿಲ್ಲ.

ನಗರದ ಫ್ಲಾಟುಗಳಿಗಾಗಿ ಬರೆದ ಕೈಪಿಡಿಗಳು ಮನೆಯ ದಿನಚರಿಯನ್ನು ಎರಡು ಭಾಗವಾಗಿಸುತ್ತವೆ: ಮನೆಯಲ್ಲಿದ್ದಾಗ ಹೊರಬಾಗಿಲುಗಳ ಕಾವಲು ಮಾತ್ರ, ಮನೆ ಬಿಟ್ಟಾಗ ಒಳಗೂ ಹೊರಗೂ ಕಾವಲು. ಹಳ್ಳಿಯ ಮನೆ ಇಷ್ಟು ಸರಳವಲ್ಲ. ಅಜ್ಜಿಯು ರಾತ್ರಿಯಲ್ಲಿ ಒಂದೆರಡು ಸಲವಾದರೂ ಹಿತ್ತಲಿಗೆ ಏಳುತ್ತಾಳೆ. ನಾಲ್ಕೂವರೆಗೆ ಸೊಸೆಯು ಹಸು ಕರೆಯಲು ಕೊಟ್ಟಿಗೆಗೆ ಹೋಗುತ್ತಾಳೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ತು ಬಂತೆಂದು ಯಜಮಾನನು ಅವೇಳೆಯಲ್ಲಿ ಟಾರ್ಚು ಹಿಡಿದು ಹೊರಡುತ್ತಾನೆ. ಸೆಖೆಯ ದಿನಗಳಲ್ಲಿ ಅರ್ಧ ಸಂಸಾರವೇ ತಾರಸಿಯ ಮೇಲೆ ಮಲಗುತ್ತದೆ. ಇವರಲ್ಲಿ ಯಾರೊಬ್ಬರಾದರೂ ಮೂರು ಸಲ ಸೈರನ್ನನ್ನು ಎಬ್ಬಿಸಿದರೆ, ನಾಲ್ಕನೆಯ ದಿನ ಅಲಾರಮ್ಮಿನ ಗುಂಡಿಯನ್ನು ಶಾಶ್ವತವಾಗಿ ಆರಿಸಿಡುವವರು ಕಳ್ಳರಲ್ಲ, ಮನೆಯವರೇ. ಆದ್ದರಿಂದ ಹಿತ್ತಲಿನ ಬಾಗಿಲಿಗೆ ಮೂವತ್ತು ಸೆಕೆಂಡಿನ ಅವಕಾಶವನ್ನಿತ್ತು, ಅಷ್ಟರಲ್ಲಿ ಆರಿಸಬಹುದಾದ ಗುಂಡಿಯನ್ನು ಬಾಗಿಲಿನ ಹತ್ತಿರವೇ, ಆದರೆ ಕಿಟಕಿಯಿಂದ ಕಾಣದ ಕಡೆ, ಅಜ್ಜಿಯ ಕೈಗೆ ಎಟಕುವ ಎತ್ತರದಲ್ಲಿ ಇಡಬೇಕು. ನಾಲ್ಕಂಕಿಯ ಗುಪ್ತಸಂಖ್ಯೆಯನ್ನು ಆಕೆ ನೆನಪಿಟ್ಟಾಳೆಂದು ನಿರೀಕ್ಷಿಸುವುದಕ್ಕಿಂತ, ಕೊರಳಿನ ದಾರಕ್ಕೆ ಕಟ್ಟಿಕೊಳ್ಳಬಹುದಾದ ಸಣ್ಣ ರಿಮೋಟು ವಾಸಿ.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿಯಿಲ್ಲದ ಅಲಾರಂ ವ್ಯರ್ಥವೆಂಬುದು ಎಲ್ಲರಿಗೂ ಗೊತ್ತು. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯವಾಗಿ ಬಳಕೆಯಲ್ಲಿದೆ. ಪೆಟ್ಟಿಗೆಯೂ ಸೆನ್ಸರುಗಳೂ ಕೂಡಿ 100 ಮಿಲಿಆಂಪಿಯರು ಸೆಳೆದರೆ ಲೆಕ್ಕಕ್ಕೆ 70 ಗಂಟೆ ಬರುತ್ತದೆ. ವ್ಯವಹಾರದಲ್ಲಿ ಅದರ ಅರ್ಧವನ್ನು ನಂಬಿದರೆ ಆಶಾಭಂಗವಿಲ್ಲ. ಮೂರು ನಾಲ್ಕು ವರ್ಷಕ್ಕೆ ಅದು ಸೊರಗುತ್ತದೆ. ವಾಹನಕ್ಕೂ ಮಿಕ್ಸಿಗೂ ಕುಂಕುಮ ಹಚ್ಚುವ ಆಯುಧಪೂಜೆಯ ದಿನ ಈ ಬ್ಯಾಟರಿಯ ಮುಚ್ಚಳವನ್ನೂ ತೆರೆದು, ಮೈನ್ ಸ್ವಿಚ್ಚನ್ನು ಆರಿಸಿ, ಸೈರನ್ನನ್ನು ಒಮ್ಮೆ ಕೂಗಿಸಿ ನೋಡುವ ಪದ್ಧತಿಯನ್ನು ಇಟ್ಟುಕೊಂಡರೆ ಬೇರೆ ತಾರೀಕು ನೆನಪಿಡಬೇಕಾಗಿಲ್ಲ.

ಇಲ್ಲಿಯೇ ಒಂದು ಮಾತನ್ನು ಸ್ವಲ್ಪ ಕಠಿನವಾಗಿಯೇ ಹೇಳಬೇಕಾಗಿದೆ. ಕಾಡಾನೆ, ಕಾಡುಹಂದಿಗಳ ಹಾವಳಿಯಿರುವ ಈ ತಾಲ್ಲೂಕುಗಳಲ್ಲಿ ಬೇಲಿಗೆ ನೇರವಾಗಿ ಕರೆಂಟು ಕೊಡುವ ದುರಭ್ಯಾಸ ಕೆಲವರಿಗಿದ್ದು, ಅದೇ ಬುದ್ಧಿಯು ಕಿಟಕಿಯ ಗ್ರಿಲ್ಲಿನ ಮೇಲೂ ಹಿತ್ತಲಿನ ತಂತಿಯ ಮೇಲೂ ಪ್ರಯೋಗಕ್ಕೆ ಬರುವುದುಂಟು. 230 ವೋಲ್ಟಿಗೆ ಕಳ್ಳನ ಕೈ ಯಾವುದು, ಚೆಂಡು ಹುಡುಕಿ ಬಂದ ಪಕ್ಕದ ಮನೆಯ ಮಗುವಿನ ಕೈ ಯಾವುದು ಎಂಬ ವಿವೇಚನೆಯಿಲ್ಲ. ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುವ ಕಾನೂನು, ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಎಸಗಲು ಅನುಮತಿಸುವುದಿಲ್ಲ. ಮನೆಯೊಡೆಯನು ಜೈಲಿಗೆ ಹೋಗುವನು. ಆದರೆ ಅದು ಎರಡನೆಯ ಮಾತು, ಮೊದಲನೆಯದು ಮಗುವಿನದು. ಅಲಾರಮ್ಮಿನ ಜಾಲದಲ್ಲಿ 12 ವೋಲ್ಟಿಗಿಂತ ಹೆಚ್ಚಿನದು ಎಲ್ಲಿಯೂ ಪೆಟ್ಟಿಗೆಯಿಂದ ಹೊರಕ್ಕೆ ಬರಕೂಡದು.

ಇನ್ನು ಸೈರನ್ನು. ಅಂಗಡಿಯವನು 110 ಡೆಸಿಬಲ್ ಎಂದು ಹೇಳುವುದು ಒಂದು ಮೀಟರ್ ದೂರದ ಲೆಕ್ಕ. ದೂರವು ಇಮ್ಮಡಿಯಾದಂತೆಲ್ಲ ಬಯಲಿನಲ್ಲಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. 64 ಮೀಟರ್ ಆಚೆಯ ಮನೆಯ ಅಂಗಳಕ್ಕೆ ತಲುಪುವುದು 74. ಆ ಮನೆಯ ಕಿಟಕಿ ಮುಚ್ಚಿದ್ದರೆ ಇನ್ನೂ ಹದಿನೈದಿಪ್ಪತ್ತು ಕಳೆಯಿರಿ. ಒಳಗೆ ಫ್ಯಾನು ತಿರುಗುತ್ತಿದ್ದರೆ, ಟೀವಿಯಲ್ಲಿ ಧಾರಾವಾಹಿ ನಡೆಯುತ್ತಿದ್ದರೆ, ಉಳಿದದ್ದು ಯಾರ ಗಮನಕ್ಕೂ ಬಾರದು. ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿರುವ ಕಡೆ ಸೈರನ್ನು ಸಾಕು. ತೋಟದ ನಡುವಣ ಒಂಟಿ ಮನೆಯಲ್ಲಿ ಅದು ತೆಂಗಿನಮರಗಳನ್ನಷ್ಟೇ ಎಬ್ಬಿಸುತ್ತದೆ. ಒಂದನ್ನು ಏಣಿಯಿಲ್ಲದೆ ಎಟಕದಂತೆ ಸೂರಿನ ಕೆಳಗೆ ಹೊರಮುಖವಾಗಿ, ಇನ್ನೊಂದನ್ನು ಒಳಗೆ, ಬೀರು ಇರುವ ಕೋಣೆಯಲ್ಲಿಯೇ ಇಡುವುದು ಉತ್ತಮ. ಕಿವಿ ಬಿರಿಯುವ ಶಬ್ದದಲ್ಲಿ ಬೀಗ ಒಡೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮೂರರಿಂದ ಐದು ನಿಮಿಷದಲ್ಲಿ ತಾನಾಗಿಯೇ ನಿಲ್ಲುವಂತೆ ಮಾಡುವುದು ನೆರೆಯವರಿಗೆ ನಾವು ತೋರಬೇಕಾದ ಮರ್ಯಾದೆ. ರಾತ್ರಿಯೆಲ್ಲ ಕೂಗಿದ ಸೈರನ್ನಿಗೆ ಮುಂದಿನ ಸಲ ಯಾರೂ ಕದ ತೆರೆಯುವುದಿಲ್ಲ. ತೋಳ ಬಂತೆಂದು ಕೂಗಿದ ಹುಡುಗನ ಕತೆಯನ್ನು ಎಲ್ಲರೂ ಶಾಲೆಯಲ್ಲಿ ಓದಿದವರೇ.

ನೆರೆಯವರನ್ನು ಈ ಯೋಜನೆಯೊಳಕ್ಕೆ ಕರೆದುಕೊಳ್ಳುವುದು ತಂತಿಯೆಳೆಯುವುದಕ್ಕಿಂತ ಸೂಕ್ಷ್ಮವಾದ ಕಾರ್ಯ. ಸೈರನ್ನು ಹಾಕಿದ ದಿನ ನಾಲ್ಕು ಮನೆಯವರನ್ನು ಕರೆದು, ಕಾಫಿ ಕೊಟ್ಟು, ಒಮ್ಮೆ ಕೂಗಿಸಿ ಕೇಳಿಸಬೇಕು. ಆಂಬುಲೆನ್ಸಿನದೂ ಮದುವೆಮನೆಯ ಧ್ವನಿವರ್ಧಕದ್ದೂ ಅಲ್ಲ, ಇದು ಈ ಮನೆಯದೆಂದು ಅವರ ಕಿವಿಗೆ ಪರಿಚಯವಾಗಬೇಕು. ಕೇಳಿದವರು ಮಾಡಬೇಕಾದುದು ದೀಪ ಹಾಕುವುದು, ಗಟ್ಟಿಯಾಗಿ ಕೂಗುವುದು, 112ಕ್ಕೆ ಕರೆ ಮಾಡುವುದು, ನಿಂತ ವಾಹನದ ನಂಬರು ನೋಡಿಟ್ಟುಕೊಳ್ಳುವುದು. ಒಬ್ಬನೇ ದೊಣ್ಣೆ ಹಿಡಿದು ಒಳನುಗ್ಗುವ ಪರಾಕ್ರಮವು ಅಪೇಕ್ಷಣೀಯವಲ್ಲ. ಪೊಲೀಸರು ಬರುವ ತನಕ ಬೀರುವಿನ ಬಾಗಿಲನ್ನಾಗಲಿ ಚೆಲ್ಲಿದ ಬಟ್ಟೆಗಳನ್ನಾಗಲಿ ಮುಟ್ಟಬಾರದೆಂಬುದನ್ನೂ ಹೇಳಿಡಬೇಕು, ಏಕೆಂದರೆ ಬೆರಳಚ್ಚು ತೆಗೆಯುವವರು ಬರುವಷ್ಟರಲ್ಲಿ ನೆಂಟರಿಷ್ಟರ ಬೆರಳುಗಳೇ ಅಲ್ಲಿ ತುಂಬಿರುತ್ತವೆ. ಊರಿಗೆ ಹೋಗುವ ಮುನ್ನ ಠಾಣೆಗೆ ತಿಳಿಸಿ ಹೋಗಿರೆಂದು ಪೊಲೀಸರು ಹೇಳುತ್ತಲೇ ಬಂದಿದ್ದಾರೆ, ಕೇಳುವವರು ಕೆಲವರೇ.

ಒಂಟಿ ಮನೆಗಾಗಿ ಸೈರನ್ನಿನ ಜೊತೆಗೆ, ತಾನಾಗಿಯೇ ಫೋನು ಮಾಡುವ, ಸಿಮ್ ಹಾಕಿದ ಆಟೋ ಡಯಲರು ಬೇಕು. ಅಗ್ಗದ ಡಯಲರುಗಳಲ್ಲಿ ಹಲವು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುವಂಥವು. ಜಿಯೋ ಜಾಲದಲ್ಲಿ 2ಜಿ ಇಲ್ಲವಾದುದರಿಂದ ಆ ಸಿಮ್ಮು ಅದರಲ್ಲಿ ಮೂಕವಾಗುತ್ತದೆ. ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಇದನ್ನು ವಿಚಾರಿಸಬೇಕು. ಕೊಂಡ ಮೇಲೆ ರೀಚಾರ್ಜಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಕ್ಯಾಮೆರಾ ಇದ್ದರೆ ಆಯಿತು, ಇಲ್ಲದಿದ್ದರೂ ಆಯಿತು. ಅದು ನಡೆದುದನ್ನು ತೋರಿಸುತ್ತದೆ, ನಡೆಯುತ್ತಿರುವಾಗ ಸಾಮಾನ್ಯವಾಗಿ ಯಾರನ್ನೂ ಕರೆಯುವುದಿಲ್ಲ; ಕರೆಯುವ ಸೌಕರ್ಯವಿರುವ ಕ್ಯಾಮೆರಾಕ್ಕಾದರೋ ಕರೆಂಟು ಹೋದಾಗಲೂ ಕೆಡದ ವೈಫೈ ಬೇಕು.

ಡಯಲರಿನಲ್ಲಿ ನಾಲ್ಕೈದು ಸಂಖ್ಯೆಗಳಿಗೆ ಸ್ಥಳವಿರುತ್ತದೆ. ಮೊದಲನೆಯದಕ್ಕೆ ಉತ್ತರ ಬಾರದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಈ ಪಟ್ಟಿಯನ್ನು ಬರೆಯುವಾಗ ಮನೆಯಲ್ಲಿ ಒಂದು ಸಣ್ಣ ವಾದ ನಡೆಯುವುದು ಖಂಡಿತ. ಯಂತ್ರಕ್ಕೆ ಹಣ ಕೊಟ್ಟವನು ಬೆಂಗಳೂರಿನ ಮಗ. ಮೊದಲನೆಯ ಸ್ಥಾನ ತನ್ನದೆಂದು ಅವನು ಭಾವಿಸಿರುತ್ತಾನೆ, ತಾಯಿಯೂ ಹಾಗೆಯೇ ಭಾವಿಸಿರುತ್ತಾಳೆ. ಅವನು ಇರುವುದು ಸುಮಾರು 60 ಕಿಲೋಮೀಟರು ದೂರದಲ್ಲಿ. ರಾತ್ರಿ ಎರಡು ಗಂಟೆಗೆ ಕರೆ ಬಂದರೆ ಅವನು ಮಾಡಬಹುದಾದುದು, ಗಾಬರಿಯಿಂದ ಎದುರುಮನೆಯವರಿಗೆ ಫೋನು ಮಾಡುವುದು. ಆದುದರಿಂದ ಮೊದಲನೆಯ ಸಂಖ್ಯೆ ಎದುರುಮನೆಯವರದು. ಎರಡನೆಯದು ತೋಟದ ಆ ಬದಿಯಲ್ಲಿ ಮನೆಯಿದ್ದು, ನೀರು ಹಾಯಿಸಲು ರಾತ್ರಿ ಎಚ್ಚರವಿರುವವನದು. ಅವನೊಡನೆ ಬದುವಿನ ತಕರಾರಿದ್ದರೆ ಅದನ್ನು ಈ ನೆಪದಲ್ಲಿ ಬಗೆಹರಿಸಿಕೊಳ್ಳಬಹುದು. ಮೂರನೆಯದು ಸಮೀಪದ ಠಾಣೆಯದು. ಮಗನ ಸಂಖ್ಯೆ ನಾಲ್ಕನೆಯದು. ಕಾರಣವನ್ನು ಅವನಿಗೆ ಸಮಾಧಾನವಾಗಿ, ಹಬ್ಬಕ್ಕೆ ಬಂದಾಗ, ಊಟದ ನಂತರ ತಿಳಿಸುವುದು ಒಳ್ಳೆಯದು.